ಕೋಲಾರದ ಕಾಲೇಜು ಸಂಚಿಕೆ: ನೀರಿನ ಲೇಖನವೊಂದಕ್ಕಾಗಿಯೇ ಇಟ್ಟುಕೊಳ್ಳಬಹುದು

ಕೋಲಾರ ನಗರದ ಪದವಿ ಕಾಲೇಜೊಂದರ ವಿದ್ಯಾರ್ಥಿಗಳು ಬರೆದು ತಂದಿರುವ ಈ ಸಲದ ವಾರ್ಷಿಕ ಸಂಚಿಕೆ ಕೈಗೆ ಸಿಕ್ಕರೆ ಮೊದಲು 31ನೇ ಪುಟ ತೆರೆಯಿರಿ. ರಸಾಯನಶಾಸ್ತ್ರ ಓದುತ್ತಿರುವ ಮೂವರು ವಿದ್ಯಾರ್ಥಿನಿಯರು ತಮ್ಮೂರಿನ ನೀರಿನ ಫ್ಲೋರೈಡ್ ಬಗ್ಗೆ ಬರೆದ ಒಂಬತ್ತು ಪುಟಗಳ ಲೇಖನ ಅಲ್ಲಿದೆ. ಸಂಸ್ಕೃತಿ, ಸಮಾಜ, ಆರೋಗ್ಯ, ಪ್ರಚಲಿತ ವಿಷಯ ಎಂದು ನಾಲ್ಕು ಭಾಗ ಮಾಡಿಕೊಂಡಿರುವ 96 ಪುಟಗಳಲ್ಲಿ ಇದಕ್ಕೆ ಸಮನಾದದ್ದು ಮತ್ತೊಂದಿಲ್ಲ.

‘ನೀರು ಅಮೂಲ್ಯ ಸಂಪತ್ತು’ ಎಂಬ ಪೀಠಿಕೆ ಇಲ್ಲದೆ ಲೇಖನ ನೇರವಾಗಿ ಬೋರ್‌ವೆಲ್‌ನ ಆಳದಿಂದ ಶುರುವಾಗುತ್ತದೆ. ಯಾವ ಊರಿನಲ್ಲಿ ಎಷ್ಟು ಅಡಿಗೆ ನೀರು ಸಿಕ್ಕಿತು, ಎಷ್ಟು ವರ್ಷಕ್ಕೆ ಬತ್ತಿತು, ಮುಂದಿನದನ್ನು ಎಷ್ಟು ಅಡಿ ಕೊರೆದರು ಎಂಬುದನ್ನು ಮೊದಲ ಪುಟದಲ್ಲೇ ಕೊಟ್ಟಿದ್ದಾರೆ. ಇದು ಸರಿಯಾದ ಆರಂಭ. ನಮ್ಮ ಕಡೆಯ ಗ್ರಾನೈಟ್, ನೈಸ್ (gneiss) ಬಂಡೆಗಳಲ್ಲಿರುವ ಖನಿಜಗಳಿಂದಲೇ ಫ್ಲೋರೈಡ್ ನೀರಿಗೆ ಇಳಿಯುವುದು. ನೀರು ಬಂಡೆಯ ಸಂದಿಯಲ್ಲಿ ಹೆಚ್ಚು ಕಾಲ ನಿಂತಷ್ಟೂ, ಅದರಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದಷ್ಟೂ ಪ್ರಮಾಣ ಏರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಪ್ಪಬಹುದು, ಬೇರೆ ಮೂಲವೇ ಇಲ್ಲದಿದ್ದಾಗ 1.5ರವರೆಗೆ ಸಹಿಸಬಹುದು ಎಂಬ ಭಾರತೀಯ ಮಾನಕವನ್ನು ತಪ್ಪಿಲ್ಲದೆ ಬರೆದಿದ್ದಾರೆ. ಈ ಎರಡು ಅಂಕಿಗಳನ್ನು ಕಲಸಿಬಿಡುವ ವಿದ್ಯಾರ್ಥಿ ಬರಹಗಳೇ ಹೆಚ್ಚು.

ಲೇಖನದ ಜೀವ ಇರುವುದು ಆರನೇ ಪುಟದಲ್ಲಿ. ಒಂದು ಮನೆಯ ಅಡುಗೆಕೋಣೆಯ ವಿವರ ಅದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನು ಒಂದು ಮೂಲೆಯಲ್ಲಿ, ನಲ್ಲಿಯಿಂದ ಹಿಡಿದ ಕೊಡ ಒಲೆಯ ಪಕ್ಕ. ಕುಡಿಯಲು ಕ್ಯಾನಿನ ನೀರು. ಮುದ್ದೆಯ ಎಸರಿಗೆ, ಬೇಳೆ ಬೇಯಿಸಲು, ಸಾರಿಗೆ, ಕಾಫಿಗೆ ಕೊಡದ ನೀರು. ನಾಲ್ಕು ಜನರ ಮನೆಯಲ್ಲಿ ಅಡುಗೆಯ ಮೂಲಕ ದಿನಕ್ಕೆ ಎಷ್ಟು ಲೀಟರ್ ಬೋರ್‌ವೆಲ್ ನೀರು ಹೊಟ್ಟೆಗೆ ಹೋಗುತ್ತದೆ ಎಂದು ಚೊಂಬಿನಲ್ಲಿ ಅಳೆದು ಬರೆದಿದ್ದಾರೆ. ಘಟಕ ಬಂದ ಮೇಲೆ ಫ್ಲೋರೈಡ್ ಸಮಸ್ಯೆ ಮುಗಿಯಿತು ಎನ್ನುವವರು ಈ ಪುಟವನ್ನು ಓದಬೇಕು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಉಳಿದ ನೀರಿನಲ್ಲಿ ಸಾಂದ್ರವಾಗುತ್ತದೆ ಎಂಬುದನ್ನೂ ಹೇಳಿದ್ದಾರೆ. ಫ್ಲೋರೈಡ್ ಹೆಚ್ಚಾಗಿ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುವುದು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ. ಹಾಗಾಗಿ ಚಿಕ್ಕ ಮಕ್ಕಳಿರುವ ಮನೆಯಲ್ಲಾದರೂ ಅಡುಗೆಗೂ ಕ್ಯಾನಿನ ನೀರು ಬಳಸಿ ಎಂಬ ಅವರ ಸಲಹೆ ಆಚರಿಸಲು ಸಾಧ್ಯವಿರುವಂಥದ್ದು.

ಪರೀಕ್ಷೆಯ ವಿಧಾನದಲ್ಲಿ ಮಾತ್ರ ಕೊರತೆಗಳಿವೆ. ಮುಂದಿನ ತಂಡಕ್ಕೆ ಉಪಯೋಗವಾಗಲೆಂದು ಬಿಡಿಸಿ ಹೇಳುತ್ತೇನೆ. ಮಾದರಿಯನ್ನು ಬೋರ್‌ವೆಲ್ ಬಾಯಲ್ಲೇ ಹಿಡಿದರೋ, ಮಿನಿ ಟ್ಯಾಂಕಿನ ನಲ್ಲಿಯಲ್ಲೋ ಎಂದು ಬರೆದಿಲ್ಲ. ಎರಡು ಮೂಲದ ನೀರು ಒಂದೇ ಟ್ಯಾಂಕಿನಲ್ಲಿ ಬೆರೆಯುವ ಊರುಗಳಲ್ಲಿ ಇದರಿಂದ ಅಂಕಿಯೇ ಬದಲಾಗುತ್ತದೆ. ಮೋಟರ್ ಐದು ನಿಮಿಷವಾದರೂ ಓಡಿದ ಮೇಲೆ ಹಿಡಿಯಬೇಕು, ಪೈಪಿನಲ್ಲಿ ನಿಂತ ನೀರು ಬೇಡ. ಬಾಟಲಿ ಪ್ಲಾಸ್ಟಿಕ್ಕಿನದಾಗಿರಬೇಕು, ಏಕೆಂದರೆ ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ. ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ತುಂಬಿಸಬೇಕು. ಬಣ್ಣ ನೋಡಿ ಹೋಲಿಸುವ ಫೀಲ್ಡ್ ಕಿಟ್ ಬಳಸಿದ್ದಾರೆ. ಹತ್ತಿರದ ಪ್ರಮಾಣ ತಿಳಿಯಲು ಅದು ಸಾಕು, ಆದರೆ 1.4 ಮತ್ತು 1.6ರ ನಡುವಿನ ವ್ಯತ್ಯಾಸವನ್ನು ಕಣ್ಣಳತೆಯಲ್ಲಿ ಹೇಳಲಾಗದು. ಐದರಲ್ಲಿ ಒಂದು ಮಾದರಿಯನ್ನಾದರೂ ಪ್ರಯೋಗಾಲಯದ ಎಲೆಕ್ಟ್ರೋಡ್ ಪರೀಕ್ಷೆಗೆ ಕಳಿಸಿ ತಾಳೆ ನೋಡಿದ್ದರೆ ಕೋಷ್ಟಕ ಗಟ್ಟಿಯಾಗುತ್ತಿತ್ತು. ಇನ್ನು ಟಿಡಿಎಸ್ ಮೀಟರಿನ ಅಂಕಿಯನ್ನು ಫ್ಲೋರೈಡ್ ಪಕ್ಕದಲ್ಲೇ ಕೊಟ್ಟು, ಟಿಡಿಎಸ್ ಕಡಿಮೆ ಇದ್ದರೆ ನೀರು ಸುರಕ್ಷಿತ ಎಂಬ ಅರ್ಥ ಬರುವಂತೆ ಬರೆದದ್ದು ತಪ್ಪು. ಟಿಡಿಎಸ್ ಮೀಟರ್ ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆಯೇ ಹೊರತು ಫ್ಲೋರೈಡನ್ನು ಬೇರೆಯಾಗಿ ಅಳೆಯುವುದಿಲ್ಲ.

ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಬಗ್ಗೆ ಪ್ರಚಲಿತ ವಿಭಾಗದಲ್ಲಿ ಪ್ರತ್ಯೇಕ ಲೇಖನವಿದೆ. ಆದರೆ ಅದು ನೀರಿನ ಲೇಖನದ ಜೊತೆ ಮಾತೇ ಆಡುವುದಿಲ್ಲ. 2018ರಿಂದ ಈ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ತುಂಬಿದ ಕೆರೆಯ ಅಂಚಿನ ಬೋರ್‌ವೆಲ್‌ಗಳಲ್ಲೂ ದೂರದವುಗಳಲ್ಲೂ ಫ್ಲೋರೈಡ್ ಎಷ್ಟಿದೆ ಎಂದು ಎರಡೂ ಲೇಖನದವರು ಸೇರಿ ನೋಡಿದ್ದರೆ ಅದೊಂದು ಅಪರೂಪದ ಕೆಲಸವಾಗುತ್ತಿತ್ತು. ಕೆ.ಸಿ. ವ್ಯಾಲಿ ಲೇಖನದ ಇನ್ನೊಂದು ತೊಂದರೆ, ‘ಕೊಳಚೆ ನೀರು’ ಎಂಬ ಪದವನ್ನು ಎಲ್ಲ ಕಡೆ ಬಳಸಿರುವುದು. ಬರುತ್ತಿರುವುದು ಎರಡು ಹಂತ ಸಂಸ್ಕರಿಸಿದ ನೀರು. ಎರಡನೇ ಹಂತದಲ್ಲಿ ಸಾವಯವ ಕಲ್ಮಶ, ತೇಲುವ ಕಣಗಳು ಬಹುಪಾಲು ಹೋಗುತ್ತವೆ. ಸಾರಜನಕ, ರಂಜಕ, ರೋಗಾಣುಗಳನ್ನು ಸರಿಯಾಗಿ ತೆಗೆಯಲು ಮೂರನೇ ಹಂತ ಬೇಕು. ಜಿಲ್ಲೆಯ ರೈತರು, ಹೋರಾಟಗಾರರು ಕೇಳುತ್ತಿರುವುದು ಆ ಮೂರನೇ ಹಂತವನ್ನೇ. ಈ ವಿವರ ಬಿಟ್ಟರೆ ಅವರ ಬೇಡಿಕೆ ಏನೆಂಬುದೇ ಓದುಗರಿಗೆ ತಿಳಿಯುವುದಿಲ್ಲ.

ಆರೋಗ್ಯ ವಿಭಾಗದ ರಕ್ತಹೀನತೆಯ ಲೇಖನಕ್ಕೆ ಒಳ್ಳೆಯ ಸಂಪಾದಕರು ಸಿಗಬೇಕಿತ್ತು. ಹಾಸ್ಟೆಲಿನ ಹುಡುಗಿಯರು ಬೆಳಗಿನ ತಿಂಡಿ ಬಿಟ್ಟು ಕಾಫಿಯಲ್ಲೇ ಮಧ್ಯಾಹ್ನದವರೆಗೆ ತಳ್ಳುವುದನ್ನು ನಿಖರವಾಗಿ ಗಮನಿಸಿದ್ದಾರೆ. ಊಟದ ಜೊತೆ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ಹೀರಿಕೆ ಕುಗ್ಗುತ್ತದೆ, ನಿಂಬೆರಸ ಹಿಂಡಿಕೊಂಡರೆ ಹೆಚ್ಚುತ್ತದೆ ಎಂಬುದೂ ಇದೆ. ಆದರೆ ಶೇಕಡಾವಾರು ಅಂಕಿಗೆ ವರ್ಷವಿಲ್ಲ, ಸಮೀಕ್ಷೆಯ ಹೆಸರಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, 2019–21, ಎಂದು ಬರೆದು, 15ರಿಂದ 49 ವರ್ಷದ ಮಹಿಳೆಯರಲ್ಲಿ ದೇಶಕ್ಕೆ 57, ಕರ್ನಾಟಕಕ್ಕೆ ಸುಮಾರು 48 ಶೇಕಡಾ ಎಂದು ಎರಡನ್ನೂ ಕೊಡಬಹುದಿತ್ತು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದಿದೆ. ಅದು ಗರ್ಭಿಣಿಯರ ಅಳತೆ. ಗರ್ಭಿಣಿಯಲ್ಲದ ಮಹಿಳೆಗೆ ಡೆಸಿಲೀಟರಿಗೆ 12 ಗ್ರಾಂ. ಕಾಲೇಜು ಹುಡುಗಿಯರಿಗಾಗಿಯೇ ಬರೆದ ಲೇಖನದಲ್ಲಿ ಈ ತಪ್ಪು ಸಣ್ಣದಲ್ಲ: 11.5 ಇರುವ ಹುಡುಗಿ ತನಗೇನೂ ಆಗಿಲ್ಲವೆಂದು ಸುಮ್ಮನಾಗುತ್ತಾಳೆ. ರಾಗಿಯನ್ನು ಕಬ್ಬಿಣದ ಕಣಜ ಎಂದು ಹೊಗಳಿದ್ದಾರೆ. ರಾಗಿಯ ನಿಜವಾದ ಬಲ ಕ್ಯಾಲ್ಸಿಯಂ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಕಬ್ಬಿಣ ನಾಲ್ಕೈದು ಮಿಲಿಗ್ರಾಂ ಅಷ್ಟೇ, ಅದರಲ್ಲೂ ದೇಹ ಹೀರಿಕೊಳ್ಳುವುದು ಸ್ವಲ್ಪ. ಮೊಳಕೆ ಕಟ್ಟಿದರೆ ಹೀರಿಕೆ ಸುಧಾರಿಸುತ್ತದೆ. ರಾಗಿಯ ಮೇಲಿನ ಪ್ರೀತಿ ನನಗೂ ಇದೆ, ಆದರೆ ಐರನ್ ಮಾತ್ರೆಯ ಬದಲಿಗೆ ಮುದ್ದೆ ಸಾಕು ಎಂಬ ಭಾವನೆ ಮೂಡಿಸಬಾರದು.

ಕೆಜಿಎಫ್ ಬಗ್ಗೆ ಬರೆದ ವಿದ್ಯಾರ್ಥಿಗೆ ಆ ಊರು ಕರತಲಾಮಲಕ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಕಾರ್ಮಿಕರ ಲೈನ್ ಮನೆಗಳು ಏನಾದವು, ಬೆಳಗಿನ ರೈಲಿನಲ್ಲಿ ಎಷ್ಟು ಜನ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ ಎಂಬ ಭಾಗ ಮನಸ್ಸಿಗೆ ನಾಟುತ್ತದೆ. ಒಂದು ಕಡೆ ಮಾತ್ರ ಎಡವಿದ್ದಾರೆ: ಹಳೆಯ ಕಾರ್ಮಿಕರ ಶ್ವಾಸಕೋಶದ ಕಾಯಿಲೆಯಾದ ಸಿಲಿಕೋಸಿಸ್‌ಗೆ ಸೈನೈಡ್ ಗುಡ್ಡಗಳೇ ಕಾರಣ ಎಂದಿದ್ದಾರೆ. ಸಿಲಿಕೋಸಿಸ್ ಬಂದದ್ದು ಗಣಿಯೊಳಗೆ ಬಂಡೆ ಕೊರೆಯುವಾಗ, ಸಿಡಿಸುವಾಗ ಎದ್ದ ಸೂಕ್ಷ್ಮ ಸಿಲಿಕಾ ಧೂಳನ್ನು ವರ್ಷಗಟ್ಟಲೆ ಉಸಿರಾಡಿದ್ದರಿಂದ. ಗುಡ್ಡಗಳು ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ರಾಶಿ. ಗಾಳಿ ಬೀಸಿದಾಗ ಊರಿಗೆ ಹಾರುವ ಧೂಳು ಬೇರೆಯದೇ ತೊಂದರೆ. ಎರಡನ್ನೂ ಬೇರ್ಪಡಿಸಿ ಬರೆಯಬೇಕು.

ಸಂಸ್ಕೃತಿ ವಿಭಾಗದಲ್ಲಿ ಓದಿಸಿಕೊಳ್ಳುವುದು ನಾಟಿ ಹಾಡುಗಳ ಸಂಗ್ರಹ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ತೆಲುಗು ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟು ಕೆಳಗೆ ಕನ್ನಡ ಭಾವಾರ್ಥ ಬರೆದಿದ್ದಾರೆ. ಯಾರು ಹಾಡಿದರು, ಯಾವ ಕೆಲಸದ ಹೊತ್ತಿನಲ್ಲಿ ಎಂಬ ಟಿಪ್ಪಣಿ ಪ್ರತಿ ಹಾಡಿಗೂ ಇದೆ. ಹಾಡಿದ ಹಾಗೆಯೇ ಇಳಿಸಿದ್ದಾರೆ, ತಿದ್ದಿಲ್ಲ. ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ನಡೆಯುವ ಹುಣ್ಣಿಮೆ ಹಾಡಿನ ಬಗ್ಗೆ ಅರ್ಧ ಪುಟ ಮಾತ್ರ ಇರುವುದು ನಿರಾಸೆ.

ಸಮಾಜ ವಿಭಾಗ ಸೊರಗಿದೆ. ಮೊಬೈಲ್ ವ್ಯಸನ, ಮಹಿಳಾ ಸಬಲೀಕರಣ, ಪರಿಸರ ಸಂರಕ್ಷಣೆ ಕುರಿತ ಮೂರು ಬರಹಗಳಲ್ಲಿ ಒಂದು ಊರಿನ ಹೆಸರಿಲ್ಲ, ಒಬ್ಬ ಮನುಷ್ಯರಿಲ್ಲ, ‘ಇಂದಿನ ಆಧುನಿಕ ಯುಗದಲ್ಲಿ’ ಎಂದೇ ಮೂರೂ ಆರಂಭ. ಅಲ್ಲೇ ಪಕ್ಕದಲ್ಲಿ ಶಕ್ತಿ ಯೋಜನೆಯ ಬಗ್ಗೆ ಎರಡು ಪುಟದ ಬರಹವಿದೆ, ಅದನ್ನು ನೋಡಿ ಇವರು ಕಲಿಯಬಹುದಿತ್ತು. 2023ರ ಜೂನ್ 11ರಿಂದ ಟಿಕೆಟ್ ದುಡ್ಡು ಉಳಿಯಿತು. ಆದರೆ ಬೆಳಗಿನ ಬಸ್ಸು ತುಂಬಿ ಬಂದು ನಿಲ್ಲದೆ ಹೋದರೆ ಮೊದಲ ತರಗತಿ ತಪ್ಪುತ್ತದೆ, ಸಂಜೆ ಪ್ರಾಯೋಗಿಕ ತರಗತಿ ಮುಗಿಯುವಷ್ಟರಲ್ಲಿ ಊರಿನ ಕೊನೆಯ ಬಸ್ಸು ಹೊರಟಿರುತ್ತದೆ. ತನ್ನ ಮಾರ್ಗದ ಬಸ್ಸುಗಳ ವೇಳೆಯನ್ನೂ ಕಾಲೇಜಿನ ವೇಳಾಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿರುವ ಆ ವಿದ್ಯಾರ್ಥಿನಿಯ ಪುಟವನ್ನು ಹಾಗೆಯೇ ಡಿಪೋ ವ್ಯವಸ್ಥಾಪಕರಿಗೆ ಕೊಡಬಹುದು.

ಮುದ್ರಣ ಅಚ್ಚುಕಟ್ಟಾಗಿದೆ. ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿತೋ ಕಾಗದ, ಲ್ಯಾಮಿನೇಷನ್ ಮಾಡಿದ ರಟ್ಟು. ಆದರೆ 96 ಪುಟಕ್ಕೆ ನಡುವೆ ಪಿನ್ ಹೊಡೆದಿದ್ದರಿಂದ ಸಂಚಿಕೆ ಮಟ್ಟಸವಾಗಿ ಮುಚ್ಚುವುದಿಲ್ಲ, ನಡುವಿನ ಹಾಳೆ ಬೇಗ ಕಳಚುತ್ತದೆ; ಇಷ್ಟು ದಪ್ಪಕ್ಕೆ ಅಂಟಿನ ಬೈಂಡಿಂಗ್ ಮೇಲು. ಅಕ್ಷರದೋಷಗಳಲ್ಲಿ ಹೆಚ್ಚಿನವು ವಿದ್ಯಾರ್ಥಿಗಳದ್ದಲ್ಲ. ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಟೈಪಿಸಿದ್ದನ್ನು ಪುಟ ಕಟ್ಟುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ಗಾಗಿ ಹಳೆಯ ನುಡಿ ಫಾಂಟಿಗೆ ಪರಿವರ್ತಿಸುವಾಗ ಅರ್ಕಾವತ್ತು ಜಾಗ ತಪ್ಪಿದೆ, ಕೆಲವು ಒತ್ತಕ್ಷರ ಬಿಟ್ಟುಹೋಗಿವೆ. ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಫಾಂಟನ್ನೇ ಇಟ್ಟು ಪುಟ ಕಟ್ಟಿಸಿದರೆ ಪರಿವರ್ತನೆಯ ಗೊಡವೆಯೇ ಇರುವುದಿಲ್ಲ, ಪಿಡಿಎಫ್‌ನಿಂದ ಪದ ಹುಡುಕುವುದೂ ಸುಲಭ. ಅದೇನೇ ಇದ್ದರೂ ಕೋಷ್ಟಕಗಳನ್ನು ಮಾತ್ರ ಮುದ್ರಣಕ್ಕೆ ಹೋಗುವ ಮೊದಲು ಬರೆದವರೇ ಮೂಲ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಬೇಕು. ಈ ಸಂಚಿಕೆಯ 36ನೇ ಪುಟದಲ್ಲಿ, ಅಂದರೆ ನೀರಿನ ಲೇಖನದಲ್ಲೇ, ದಶಮಾಂಶ ಬಿಂದು ಬಿದ್ದುಹೋಗಿ 1.8 ಇರಬೇಕಾದ ಕಡೆ 18 ಎಂದಾಗಿದೆ. ಬೆಲೆ 80 ರೂಪಾಯಿ, ಕಾಲೇಜಿನ ಗ್ರಂಥಾಲಯದಲ್ಲಿ ಸಿಗುತ್ತದೆ. ಕೊಂಡವರು ಆ ಅಂಕಿಯನ್ನು ಪೆನ್ನಿನಲ್ಲಿ ತಿದ್ದಿಕೊಂಡು ಓದಿ.