ಡೆಂಪ್‌ಸ್ಟರ್ ಹೈವೇ: ಎರಡು ಟ್ರಿಪ್, ಎರಡು ಥರದ ತಯಾರಿ

ಡೆಂಪ್‌ಸ್ಟರ್‌ಗೆ ನಾನು ಎರಡು ಸಲ ಹೋಗಿ ಬಂದೆ. ಮೊದಲ ಸಲ ಆಗಸ್ಟ್ ಕೊನೆಯಲ್ಲಿ, ಬಾಡಿಗೆ ಎಸ್‌ಯುವಿಯಲ್ಲಿ, ಇಂಟರ್ನೆಟ್‌ನಲ್ಲಿ ಸಿಕ್ಕ ಪಟ್ಟಿಯಲ್ಲಿದ್ದದ್ದನ್ನೆಲ್ಲ ತುಂಬಿಕೊಂಡು. ಎರಡನೇ ಸಲ ಜೂನ್ ಕೊನೆಯಲ್ಲಿ, ಸ್ನೇಹಿತನ ಹಳೇ ಪಿಕಪ್‌ನಲ್ಲಿ, ಅರ್ಧ ಸಾಮಾನು ಮನೆಯಲ್ಲೇ ಬಿಟ್ಟು. ಹೋಗುವ ಯೋಚನೆ ಇರುವವರು ಏನು ತಗೊಂಡು ಹೋಗಬೇಕು ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ.

ರಸ್ತೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕೆನಡಾದ ಯೂಕಾನ್‌ನಲ್ಲಿ, ಡಾಸನ್ ಸಿಟಿಯಿಂದ ಸುಮಾರು 40 ಕಿ.ಮೀ. ಪೂರ್ವಕ್ಕೆ ಹೋಗಿ, ಕ್ಲಾಂಡೈಕ್ ಹೈವೇ ಬಿಟ್ಟು ಉತ್ತರಕ್ಕೆ ತಿರುಗಿದರೆ ಇದು ಶುರು. ಉತ್ತರದ ಇನುವಿಕ್ ಊರಿನವರೆಗೆ ಸುಮಾರು 736 ಕಿ.ಮೀ., ಹೆಚ್ಚುಕಮ್ಮಿ ಪೂರ್ತಿ ಜಲ್ಲಿ. 2017ರ ನವೆಂಬರ್‌ನಲ್ಲಿ ಇನುವಿಕ್‌ನಿಂದ ಟುಕ್ಟೊಯಾಕ್ಟಕ್‌ಗೆ ರಸ್ತೆ ತೆರೆದ ಮೇಲೆ ಆರ್ಕ್ಟಿಕ್ ಸಾಗರದ ದಡದವರೆಗೂ ಗಾಡಿಯಲ್ಲೇ ಹೋಗಬಹುದು. ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಅದು ಕರಗಿದರೆ ರಸ್ತೆ ಕುಸಿಯುತ್ತದೆ. ಹಾಗಾಗಿ ಸುಮಾರು 1.2 ಮೀಟರ್‌ನಿಂದ 2.4 ಮೀಟರ್‌ವರೆಗೆ ಜಲ್ಲಿ ಸುರಿದು ಅದರ ಮೇಲೆ ದಾರಿ ಮಾಡಿದ್ದಾರೆ. ಓಡಿಸುವಾಗ ಕೆರೆ ಏರಿ ಮೇಲೆ ಹೋದ ಹಾಗಿರುತ್ತದೆ, ಅಂಚು ಮೆತ್ತಗೆ. ಫೋಟೋ ತೆಗೆಯೋಣ ಅಂತ ಸುಮ್ನೆ ಪಕ್ಕಕ್ಕೆ ಎಳೆದರೆ ಗಾಡಿ ಜಾರಿ ಕೆಳಗಿಳಿಯುತ್ತದೆ.

ಮೊದಲು ಟೈರ್. ನಿಜ ಹೇಳಬೇಕೆಂದರೆ ಉಳಿದದ್ದೆಲ್ಲ ಆಮೇಲೆ.

ಈ ಜಲ್ಲಿಯಲ್ಲಿ ಪದರ ಪದರವಾಗಿ ಒಡೆಯುವ ಶೇಲ್ ಕಲ್ಲು ಜಾಸ್ತಿ. ಚೂರುಗಳ ಅಂಚು ಈಳಿಗೆ ಮಣೆಯ ಹಾಗೆ ಹರಿತ. ಮೊದಲ ಸಲ ನನ್ನ ಬಾಡಿಗೆ ಗಾಡಿಗೆ ಇದ್ದದ್ದು ಊರೊಳಗೆ ಓಡಾಡುವ ಮಾಮೂಲಿ ಟೈರು. ಜಲ್ಲಿ ರಸ್ತೆಗೆ ಗಾಡಿ ಕೊಡುವವರೇ ಕಡಿಮೆ, ಹುಡುಕಿ ಹುಡುಕಿ ಒಂದು ಕಂಪನಿ ಸಿಕ್ಕ ಖುಷಿಯಲ್ಲಿ ಸ್ಟೆಪ್ನಿ ಹೇಗಿದೆ ಅಂತ ನಾನು ಡಿಕ್ಕಿ ತೆಗೆದು ನೋಡಲೇ ಇಲ್ಲ. ಸುಮಾರು 300ನೇ ಕಿ.ಮೀ. ಹತ್ತಿರ ಹಿಂದಿನ ಎಡ ಟೈರು ಹೋಯಿತು. ತೆಗೆದು ನೋಡಿದರೆ ಸೈಡ್‌ವಾಲ್‌ನಲ್ಲಿ, ಅಂದರೆ ಟೈರಿನ ಪಕ್ಕದ ಮೈಯಲ್ಲಿ, ಹೆಬ್ಬೆರಳಷ್ಟು ಉದ್ದದ ಸೀಳು. ಪಂಕ್ಚರ್ ಕಿಟ್ ಇತ್ತು, ಆದರೆ ರಬ್ಬರ್ ಕಡ್ಡಿ ತೂರಿಸಿ ಮುಚ್ಚೋದು ನೆಲಕ್ಕೆ ತಾಗುವ, ಬಟನ್ ಇರುವ ಭಾಗಕ್ಕೆ ಮಾತ್ರ, ಸೈಡ್‌ವಾಲ್‌ಗೆ ನಡೆಯುವುದಿಲ್ಲ. ಆಗ ಡಿಕ್ಕಿಯಿಂದ ಹೊರಬಂದದ್ದು ಸೈಕಲ್ ಚಕ್ರದ ಅಣ್ಣನಂಥ ತೆಳ್ಳನೆಯ ಸ್ಟೆಪ್ನಿ, 80 ಮೀರಬೇಡಿ ಅಂತ ಹಳದಿ ಚೀಟಿ ಬೇರೆ. ಹೋಟೆಲ್, ಬಂಕ್ ಇರುವ ಈಗಲ್ ಪ್ಲೇನ್ಸ್ ಸಿಗುವುದು 369ನೇ ಕಿ.ಮೀ.ನಲ್ಲಿ. ಅಲ್ಲಿಯವರೆಗೆ ಮೂವತ್ತು, ನಲವತ್ತರಲ್ಲಿ ಉಸಿರು ಬಿಗಿಹಿಡಿದು ಹೋದೆ. ಆ ಅಳತೆಯ ಟೈರ್ ಹತ್ತಿರದಲ್ಲೆಲ್ಲೂ ಇರಲಿಲ್ಲ. ಡಾಸನ್ ಕಡೆಯಿಂದ ತರಿಸಿಕೊಳ್ಳಲು ಎರಡು ದಿನ ಹೋಯಿತು.

ಎರಡನೇ ಸಲ ಲಾರಿ ಜಾತಿಯ 10 ಪ್ಲೈ ಆಲ್ ಟೆರೇನ್ ಟೈರು, ಪೂರ್ತಿ ಅಳತೆಯ ಎರಡು ಸ್ಟೆಪ್ನಿ, ಪಂಕ್ಚರ್ ಕಿಟ್, 12 ವೋಲ್ಟ್ ಗಾಳಿ ಪಂಪು. ಇಡೀ ಟ್ರಿಪ್‌ನಲ್ಲಿ ಆದದ್ದು ಒಂದೇ ಪಂಕ್ಚರ್, ಅದೂ ಬಟನ್‌ನಲ್ಲಿ. ಇಕ್ಕಳದಿಂದ ಕಲ್ಲು ಕಿತ್ತು, ಕಡ್ಡಿ ತೂರಿಸಿ, ಗಾಳಿ ಹೊಡೆದು ಹೊರಡಲು ಹದಿನೈದು ನಿಮಿಷ. ಚಕ್ರ ಬಿಚ್ಚುವ ಪ್ರಸಂಗವೇ ಬರಲಿಲ್ಲ.

ಹಾಗಾದರೆ ಎರಡು ಸ್ಟೆಪ್ನಿ ದಂಡವೇ? ನಾನೂ ಹಾಗೇ ಅಂದುಕೊಂಡೆ. ಇನುವಿಕ್‌ನಲ್ಲಿ ಗಾಡಿ ತೊಳೆಯುವಾಗ ಯಾಕೋ ಅನುಮಾನ ಬಂದು ಪಿಕಪ್ ಅಡಿಯಲ್ಲಿ ನೇತು ಹಾಕಿದ್ದ ಸ್ಟೆಪ್ನಿಯನ್ನು ಇಳಿಸಿ ನೋಡೋಣ ಅಂತ ಹ್ಯಾಂಡಲ್ ತಿರುಗಿಸಿದರೆ ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ. ಧೂಳು ಏಳಬಾರದು ಅಂತ ಈ ರಸ್ತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕುತ್ತಾರೆ. ಮಳೆ ಬಂದರೆ ಆ ಕೆಸರು ಗಾರೆಯ ಹಾಗೆ ಮೆತ್ತಿಕೊಂಡು ಒಣಗುತ್ತದೆ. ಸರಪಳಿಯ ಸಂದುಸಂದಿನಲ್ಲೂ ಅದೇ ತುಂಬಿತ್ತು. ಅಂದರೆ ದಾರಿಯುದ್ದಕ್ಕೂ ನಿಜವಾಗಿ ಕೈಗೆ ಸಿಗುವಂತೆ ಇದ್ದದ್ದು ಹಿಂದಿನ ತೊಟ್ಟಿಯಲ್ಲಿ ಮಲಗಿಸಿದ್ದ ಸ್ಟೆಪ್ನಿ ಒಂದೇ. ನನ್ನ ಲೆಕ್ಕ ಇದು: ಟೈರು ಗಟ್ಟಿಯಿದ್ದರೆ ಪೂರ್ತಿ ಅಳತೆಯ ಒಂದೇ ಸ್ಟೆಪ್ನಿ ಸಾಕು, ಆದರೆ ಅದು ಗಾಡಿಯ ಒಳಗೋ ಮೇಲೋ ಇರಲಿ. ಮಾಮೂಲಿ ಟೈರಲ್ಲೇ ಹೋಗುವವರು ಎರಡು ಇಟ್ಟುಕೊಳ್ಳಿ. ಜಾಕ್ ಕೆಳಗೆ ಇಡಲು ಒಂದು ದಪ್ಪ ಹಲಗೆ ತುಂಡು ಮರೆಯಬೇಡಿ. ಮೊದಲ ಸಲ ನನ್ನ ಜಾಕ್ ಗಾಡಿ ಎತ್ತುವ ಬದಲು ತಾನೇ ಜಲ್ಲಿಯೊಳಗೆ ಇಳಿಯುತ್ತಿತ್ತು, ಕೊನೆಗೆ ಒಂದು ಚಪ್ಪಟೆ ಕಲ್ಲು ಹುಡುಕಿ ತಂದೆ.

ಪೆಟ್ರೋಲ್ ವಿಷಯಕ್ಕೆ ಜನ ಸುಮ್ನೆ ಹೆದರುತ್ತಾರೆ. ಮೊದಲ ಸಲ 20 ಲೀಟರ್‌ನ ಎರಡು ಕ್ಯಾನ್ ಒಳಗೇ ಇಟ್ಟುಕೊಂಡಿದ್ದೆ. ಅದು ಅಪಾಯ ಅನ್ನುವುದು ಒಂದು ಕಡೆ, ಆ ವಾಸನೆಗೆ ಎರಡು ದಿನ ತಲೆನೋವು. ಒಂದು ಹನಿಯೂ ಬೇಕಾಗಲಿಲ್ಲ. ಡಾಸನ್‌ನಿಂದ ಈಗಲ್ ಪ್ಲೇನ್ಸ್‌ಗೆ 410 ಕಿ.ಮೀ. ಹತ್ತಿರ, ಅಲ್ಲಿಂದ ಫೋರ್ಟ್ ಮೆಕ್‌ಫರ್ಸನ್‌ಗೆ ಸುಮಾರು 180, ಅಲ್ಲಿಂದ ಇನುವಿಕ್‌ಗೆ ಇನ್ನೂ ಅಷ್ಟೇ. ಮೂರು ಕಡೆಯೂ ಬಂಕ್ ಇದೆ. ಮೆಕ್‌ಫರ್ಸನ್‌ಗೆ ಮುಂಚೆ ಗಾಡಿಗಳನ್ನು ದಾಟಿಸುವ ಪೀಲ್ ನದಿಯ ಫೆರ್ರಿ ನಿಂತುಹೋಗಿ ವಾಪಸ್ ಈಗಲ್ ಪ್ಲೇನ್ಸ್‌ಗೆ ಬರಬೇಕಾದರೂ ಹೋಗಿ ಬರುವ ದಾರಿ 350 ಕಿ.ಮೀ. ಒಳಗೇ. ಟ್ಯಾಂಕ್ ತುಂಬಿದರೆ 500 ಕಿ.ಮೀ. ಓಡುವ ಗಾಡಿಗೆ ಕ್ಯಾನ್ ಬೇಡ. ಎರಡನೇ ಸಲ ಒಂದು ಖಾಲಿ ಕ್ಯಾನ್ ಇಟ್ಟುಕೊಂಡಿದ್ದೆವು, ಖಾಲಿಯಾಗಿಯೇ ವಾಪಸ್ ಬಂತು. ಹೊರಡುವ ಮುಂಚೆ 511 ಯೂಕಾನ್ ಅನ್ನುವ ರಸ್ತೆ ಮಾಹಿತಿ ವೆಬ್‌ಸೈಟ್‌ನಲ್ಲಿ ರಸ್ತೆ ತೆರೆದಿದೆಯಾ ಅಂತ, ಹಾಗೇ ಫೆರ್ರಿ ನಡೆಯುತ್ತಿದೆಯಾ ಅಂತ ನೋಡಿಕೊಳ್ಳುವುದು ಎರಡು ಕ್ಯಾನ್‌ಗಿಂತ ಹೆಚ್ಚು ಉಪಯೋಗ.

ಸುದ್ದಿ ಮುಟ್ಟಿಸುವ ವಿಚಾರದಲ್ಲಿ ನಾನು ಪೂರ್ತಿ ಮನಸ್ಸು ಬದಲಾಯಿಸಿದ್ದೇನೆ. ಈ ದಾರಿಯಲ್ಲಿ ಊರು ಬಿಟ್ಟರೆ ಮೊಬೈಲ್ ಸಿಗ್ನಲ್ ಇಲ್ಲ. ಮೊದಲ ಸಲ ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್) ಅನ್ನುವ ತುರ್ತು ಸಾಧನ ಒಯ್ದಿದ್ದೆ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ತಂಡಕ್ಕೆ ಸುದ್ದಿ ಹೋಗುತ್ತದೆ, ತಿಂಗಳ ಚಂದಾ ಇಲ್ಲ, ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ. ಕೊಂಡಾಗ ಇದಕ್ಕಿಂತ ಒಳ್ಳೆಯದಿಲ್ಲ ಅನಿಸಿತ್ತು. ಆದರೆ ಅದಕ್ಕೆ ಗೊತ್ತಿರುವುದು ಒಂದೇ ಮಾತು, ಕಾಪಾಡಿ. ಪಂಕ್ಚರ್ ಆಗಿ ರಸ್ತೆ ಪಕ್ಕ ಕೂತವನಿಗೆ ಬೇಕಾದದ್ದು ಹೆಲಿಕಾಪ್ಟರ್ ಅಲ್ಲವಲ್ಲ. ಅವತ್ತು ಈಗಲ್ ಪ್ಲೇನ್ಸ್ ಮುಟ್ಟುವ ಹೊತ್ತಿಗೆ ರಾತ್ರಿಯಾಗಿತ್ತು. ಮನೆಗೆ ಹೇಳಿದ್ದ ಸಮಯ ದಾಟಿ ಆರು ಗಂಟೆ. ಫೋನ್ ಮಾಡಿದಾಗ ಅಕ್ಕ ಮೊದಲು ಅತ್ತಳು, ಆಮೇಲೆ ಬೈದಳು.

ಎರಡನೇ ಸಲ ಗಾರ್ಮಿನ್ ಇನ್‌ರೀಚ್ ಅನ್ನುವ ಉಪಗ್ರಹ ಮೆಸೇಜ್ ಸಾಧನ. ಚಂದಾ ಕಟ್ಟಬೇಕು, ಚಾರ್ಜ್ ಮಾಡಬೇಕು. ಆದರೆ ಎರಡೂ ಕಡೆಯಿಂದ ಮೆಸೇಜ್ ಹೋಗಿ ಬರುತ್ತದೆ. ಇದು ಇರಿಡಿಯಂ ಉಪಗ್ರಹಗಳ ಮೇಲೆ ನಡೆಯುತ್ತದೆ, ಅವು ಧ್ರುವಗಳ ಮೇಲೇ ಹಾದುಹೋಗುವುದರಿಂದ ಅಷ್ಟು ಉತ್ತರದಲ್ಲೂ ಸಿಗುತ್ತದೆ. ಬಯಲಲ್ಲಿ ಒಂದೆರಡು ನಿಮಿಷಕ್ಕೆ ಮೆಸೇಜ್ ಹೋಗುತ್ತಿತ್ತು, ಓಗಿಲ್ವಿ ನದಿಯ ಕಣಿವೆಯಲ್ಲಿ ಮಾತ್ರ ಸ್ವಲ್ಪ ಕಾಯಿಸಿತು. "ಪಂಕ್ಚರ್, ಸರಿ ಮಾಡಿದ್ವಿ, ಆರಾಮಿದ್ದೀವಿ" ಅಂತ ಕಳಿಸಿದ್ದಕ್ಕೆ "ಸರಿ, ಊಟ ಮಾಡು" ಅಂತ ಉತ್ತರ ಬಂತು. ನನ್ನ ಫೋನಲ್ಲೇ ಉಪಗ್ರಹ ಇದೆ ಅನ್ನುವವರಿಗೆ ಒಂದು ಮಾತು: ಐಫೋನ್‌ನ ಆ ಸೌಲಭ್ಯ 62 ಡಿಗ್ರಿ ಅಕ್ಷಾಂಶದ ಮೇಲೆ ಕೆಲಸ ಮಾಡದೇ ಇರಬಹುದು ಅಂತ ಆಪಲ್‌ನವರೇ ಹೇಳುತ್ತಾರೆ. ಡಾಸನ್ ಇರುವುದೇ 64ರಲ್ಲಿ.

ಮಲಗುವುದಕ್ಕೆ ಟೆಂಟಾ ಗಾಡಿಯಾ ಅನ್ನುವುದು ತಿಂಗಳಿನ ಮೇಲೆ ಹೋಗುತ್ತದೆ. ಆಗಸ್ಟ್ ಕೊನೆಯಲ್ಲಿ ಟೂಂಬ್‌ಸ್ಟೋನ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಟೆಂಟ್ ಹಾಕಿದ್ದೆ. ಬೆಟ್ಟವೆಲ್ಲ ಕೆಂಪಗಾಗಿತ್ತು, ಸೌದೆ ಬಿಟ್ಟಿ, ರಾತ್ರಿ ಒಂದು ಗಂಟೆಗೆ ಮೂತ್ರಕ್ಕೆ ಅಂತ ಜಿಪ್ ತೆಗೆದರೆ ತಲೆ ಮೇಲೆ ಹಸಿರು ಅರೋರಾ. ಗಾಡಿಯಲ್ಲಿ ಮಲಗಿದ್ದರೆ ನೋಡುತ್ತಲೇ ಇರಲಿಲ್ಲ. ಆದರೆ ಎರಡು ರಾತ್ರಿ ಬಿಟ್ಟು, ಆರ್ಕ್ಟಿಕ್ ವೃತ್ತ ದಾಟಿ ರಿಚರ್ಡ್‌ಸನ್ ಬೆಟ್ಟಗಳ ಕಡೆ ಹೋದಾಗ ಬೀಸಿದ ಗಾಳಿಗೆ ಟೆಂಟಿನ ಒಂದು ಕೋಲು ಬಾಗಿಹೋಯಿತು. ಜೂನ್‌ನಲ್ಲಿ ಪಿಕಪ್ ಹಿಂಭಾಗಕ್ಕೆ ಮುಚ್ಚಳ ಹಾಕಿ ಅದರಲ್ಲೇ ಮಲಗಿದೆವು. ಆರ್ಕ್ಟಿಕ್ ವೃತ್ತದ ಆಚೆ ಆಗ ಸೂರ್ಯ ಮುಳುಗುವುದೇ ಇಲ್ಲ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಬಹುದು, ಟೆಂಟಿಗೆ ಎಲ್ಲಿ ಕಟ್ಟುತ್ತೀರಿ? ರಾಕ್ ರಿವರ್‌ನಲ್ಲಿ ಸೊಳ್ಳೆ ಎಷ್ಟಿತ್ತೆಂದರೆ ಅನ್ನ ಬೇಯಿಸಿ ಪಾತ್ರೆ ಸಮೇತ ಒಳಗೆ ಓಡಿದೆವು. ಜೂನ್, ಜುಲೈಗೆ ಗಾಡಿ, ಆಗಸ್ಟ್ ಕೊನೆಗೆ ಟೆಂಟ್. ಟೆಂಟಾದರೆ ತಿಂಡಿ ಸಾಮಾನು ಅದರೊಳಗೆ ಬೇಡ, ಅದು ಗ್ರಿಜ್ಲಿ ಕರಡಿಗಳ ಜಾಗ.

ಇನ್ನು ಚಿಲ್ಲರೆ. ಕರಡಿ ಸ್ಪ್ರೇ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಿ. ಡ್ರೋನ್ ಒಯ್ದು ಒಂದೇ ಸಲ ಹಾರಿಸಿದೆ. ಮಡಚುವ ಕುರ್ಚಿ ಎರಡೂ ಸಲ ಕೆಲಸಕ್ಕೆ ಬಂತು, ಸಲಿಕೆ ಎರಡೂ ಸಲ ಬರಲಿಲ್ಲ. ಒಂದು ಬಕೆಟ್ ಮತ್ತು ಹಳೇ ಬ್ರಷ್ ಇಟ್ಟುಕೊಳ್ಳಿ. ಚಕ್ರದೊಳಗೆ ಕೆಸರು ಗಟ್ಟಿಯಾದರೆ ಗಾಡಿ ಗಡಗಡ ನಡುಗುತ್ತದೆ, ನಾವು ಬೇರಿಂಗ್ ಹೋಯಿತೆಂದು ಒಂದು ಗಂಟೆ ಒದ್ದಾಡಿದೆವು.

ಮುಂದಿನ ಗ್ಲಾಸ್‌ಗೆ ಮಾತ್ರ ಯಾವ ತಯಾರಿಯೂ ನಡೆಯಲಿಲ್ಲ. ಎದುರಿಗೆ ಲಾರಿ ಬಂದರೆ ನಿಧಾನ ಮಾಡಿ ಬಲಕ್ಕೆ ಸರಿದು ನಿಂತೆ, ಆದರೂ ಎರಡೂ ಸಲ ಕಲ್ಲು ಬಡಿದು ಬಿರುಕು ಬಿಟ್ಟಿತು. ಬಾಡಿಗೆ ಗಾಡಿಯಾದರೆ ಇನ್ಶೂರೆನ್ಸ್‌ನಲ್ಲಿ ಗ್ಲಾಸ್ ಸೇರಿದೆಯಾ ಅಂತ ಬರಹದಲ್ಲೇ ಕೇಳಿ ಇಟ್ಟುಕೊಳ್ಳಿ. ಸ್ವಂತ ಗಾಡಿಗೆ ಹೊಸ ಗ್ಲಾಸ್ ಹಾಕಿಸುವುದಿದ್ದರೆ ಹೋಗಿ ಬಂದ ಮೇಲೆ ಹಾಕಿಸಿ. ನನ್ನ ಸ್ನೇಹಿತ ಹೊರಡುವ ಹಿಂದಿನ ವಾರವಷ್ಟೇ ಹಾಕಿಸಿದ್ದ.