ನೆಟ್ ಬಂತು ಅಂತ ಎದ್ದು ಬಂದುಬಿಡಬೇಡಿ

ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಸಣ್ಣ ಆಫೀಸುಗಳಿಗೆ ಫೈರ್‌ವಾಲ್ (ನೆಟ್‌ನಿಂದ ಒಳಗೆ ಏನು ಬರಬೇಕು, ಏನು ಬರಬಾರದು ಅಂತ ಕಾಯುವ ಪೆಟ್ಟಿಗೆ) ಮಾಡಿಕೊಟ್ಟಿರುವವರು ದಯವಿಟ್ಟು ಇದನ್ನ ಓದಿ. ಮಂಡ್ಯದ ಒಂದು ಆಫೀಸಿನ ನೆಟ್‌ವರ್ಕ್ ಬಾಗಿಲು ಒಂದೂವರೆ ದಿನ ಹಾರು ಹೊಡೆದಿತ್ತು. ತೆಗೆದಿಟ್ಟವನು ನಾನೇ. ಅದೂ ರಿಪೇರಿ ಮಾಡ್ತೀನಿ ಅಂತ ಹೋಗಿ!

ನೂರಡಿ ರಸ್ತೆಯ ಹತ್ತಿರ ಟ್ಯಾಕ್ಸ್ ಕೆಲಸ ಮಾಡುವವರ ಆಫೀಸು ಅದು. 19ನೇ ತಾರೀಕು ಸಂಜೆ ಗುಡುಗು ಮಳೆ ಬಂದು ರಾತ್ರಿಯೆಲ್ಲಾ ಕರೆಂಟ್ ಇರಲಿಲ್ಲ. ಯುಪಿಎಸ್ ಎಷ್ಟು ಹೊತ್ತು ತಡೆಯುತ್ತೆ? ಬೆಳಿಗ್ಗೆ ಅಲ್ಲಿನ ಹುಡುಗ ಫೋನ್ ಮಾಡಿದ. "ಅಣ್ಣ, ನೆಟ್ಟು ಬತ್ತಿಲ್ಲ ಕಣಣ್ಣ. ಎಲ್ರೂ ಸುಮ್ನೆ ಕುಂತವ್ರೆ." 20ನೇ ತಾರೀಕು ಅಂದರೆ ತಿಂಗಳು ತಿಂಗಳು ಸಲ್ಲಿಸುವವರಿಗೆ ಜಿಎಸ್‌ಟಿ 3ಬಿ ರಿಟರ್ನಿನ ಕೊನೇ ದಿನ. ಮೈಸೂರಿನಿಂದ ಬಸ್ ಹತ್ತಿದೆ.

ಫೈರ್‌ವಾಲ್ ಪೆಟ್ಟಿಗೆಗೆ ಮಾನಿಟರ್ ಇರಲಿಲ್ಲ. ಒಂದನ್ನ ತಂದು ಚುಚ್ಚಿದರೆ ಕಪ್ಪು ಪರದೆ ಮೇಲೆ ಎರಡು ಸಾಲು: ಕೀಬೋರ್ಡ್ ಇಲ್ಲ, ಮುಂದುವರಿಯೋಕೆ ಎಫ್1 ಒತ್ತಿ. ಕೀಬೋರ್ಡೇ ಇಲ್ಲ ಅಂತ ಗೊತ್ತಾದಮೇಲೆ ಎಫ್1 ಯಾರು ಒತ್ತಬೇಕು ಸ್ವಾಮಿ? ಒಂದು ಕೀಬೋರ್ಡ್ ಚುಚ್ಚಿ ಬಯೋಸ್ (ಕಂಪ್ಯೂಟರ್ ಆನ್ ಆದ ತಕ್ಷಣ ಓಡುವ ಮದರ್‌ಬೋರ್ಡಿನ ಪ್ರೋಗ್ರಾಂ) ಒಳಗೆ ಹೋದರೆ ತಾರೀಕು 2012ರ ಜನವರಿ 1. ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿತ್ತು. ಕರೆಂಟ್ ಪೂರ್ತಿ ಹೋದಾಗ ಬಯೋಸ್ ತನ್ನ ಸೆಟ್ಟಿಂಗ್ ಎಲ್ಲಾ ಮರೆತು ಕಾರ್ಖಾನೆಯಿಂದ ಬಂದ ಹಾಗೆ ಆಗಿತ್ತು. ಹೊರಗೆ ಬಂದು ಎಫ್1 ಒತ್ತಿದೆ, ಬೂಟ್ ಆಯಿತು.

ಆದರೂ ನೆಟ್ ಇಲ್ಲ. ಇಲ್ಲಿಂದ ನನ್ನ ದಡ್ಡತನ ಶುರು.

ಆ ಪೆಟ್ಟಿಗೆಯ ಸ್ವಂತ ಲ್ಯಾನ್ ಪೋರ್ಟ್ ಹಿಂದೊಮ್ಮೆ ಸಿಡಿಲಿಗೆ ಸುಟ್ಟಿತ್ತು. ಅದನ್ನ ಬಯೋಸ್‌ನಲ್ಲಿ ಆಫ್ ಮಾಡಿ, ಬೇರೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿದ್ದೆ. ಇಎನ್‌ಪಿ2ಎಸ್0 ಅನ್ನೋದು ಹೊರಗಿನ ಇಂಟರ್ನೆಟ್ಟಿಗೆ, ಇಎನ್‌ಪಿ3ಎಸ್0 ಒಳಗಿನ ಕಂಪ್ಯೂಟರುಗಳಿಗೆ. ಈ ಹೆಸರಿನ ಪದ್ಧತಿ 2013ರಲ್ಲಿ ಸಿಸ್ಟಮ್‌ಡಿ (ಲಿನಕ್ಸ್ ಬೂಟ್ ಆಗುವಾಗ ಮಿಕ್ಕ ಪ್ರೋಗ್ರಾಂಗಳನ್ನ ಎಬ್ಬಿಸುವಂಥದ್ದು) 197ನೇ ಆವೃತ್ತಿಯ ಜೊತೆ ಬಂದದ್ದು. ಅದಕ್ಕೆ ಮುಂಚೆ ಎತ್0, ಎತ್1 ಅಂತಿದ್ದವು. ಬೂಟ್ ಆದಾಗ ಯಾವ ಕಾರ್ಡ್ ಮೊದಲು ಸಿಗುತ್ತೋ ಅದಕ್ಕೆ ಸೊನ್ನೆ. ಹೊಸ ಹೆಸರಿನಲ್ಲಿ ಪಿ ಮುಂದಿನ ಅಂಕೆ ಬಸ್ (ಮದರ್‌ಬೋರ್ಡಿನಲ್ಲಿ ಕಾರ್ಡ್ ಸೇರುವ ದಾರಿ) ನಂಬರ್, ಎಸ್ ಮುಂದಿನದು ಸ್ಲಾಟ್. ಇನ್ನು ಹೆಸರು ಅದಲುಬದಲಾಗಲ್ಲ ಅಂತ ನಾವೆಲ್ಲ ನಂಬಿಕೊಂಡಿದ್ದೀವಿ. ಕಾರ್ಡುಗಳು ಇದ್ದ ಹಾಗೇ ಇದ್ದರೆ ಆಗಲ್ಲ, ನಿಜ. ಆದರೆ ಮಧ್ಯದಲ್ಲಿ ಹೊಸದೊಂದು ಬಂದು ಕೂತರೆ ಬಸ್ ನಂಬರ್ ಸರಿಯಬಹುದು.

ಆಗಿದ್ದೂ ಅದೇ. ಬಯೋಸ್ ಮರೆತದ್ದರಿಂದ ಸುಟ್ಟ ಪೋರ್ಟ್ ಮತ್ತೆ ಎದ್ದು ಕೂತು ಇಎನ್‌ಪಿ2ಎಸ್0 ಆಯಿತು. ಹೊರಗಿನ ಕಾರ್ಡ್ ಇಎನ್‌ಪಿ3ಎಸ್0 ಆಯಿತು. ಒಳಗಿನದು ಇಎನ್‌ಪಿ4ಎಸ್0. ಬಸ್ಸಿನಲ್ಲಿ ಒಬ್ಬ ಬಂದ ಅಂತ ಎಲ್ಲರೂ ಒಂದೊಂದು ಸೀಟು ಜರುಗಿದ ಹಾಗೆ.

ಐಪಿ ಲಿಂಕ್ ಕಮಾಂಡ್ ಕೊಟ್ಟು ಇಷ್ಟನ್ನ ಬೇಗ ಕಂಡುಹಿಡಿದೆ. ಆಮೇಲೆ ಮಾಡಿದ್ದೇನು ಗೊತ್ತಾ? ಪಕ್ಕದಲ್ಲಿ ಎಂಟು ಜನ ಮುಖ ನೋಡ್ತಾ ನಿಂತಿದ್ದರು. ಇಂಟರ್‌ಫೇಸಸ್ ಫೈಲಿನಲ್ಲಿ ಹೆಸರು ಬದಲಿಸಿದೆ. ಫೈರ್‌ವಾಲ್ ನಿಯಮಗಳಿರುವ ಎನ್‌ಎಫ್‌ಟೇಬಲ್ಸ್ ಫೈಲಿನಲ್ಲಿ ಮಾಸ್ಕರೇಡ್ ಸಾಲು (ಒಳಗಿನವರೆಲ್ಲ ಒಂದೇ ಐಪಿಯಿಂದ ಹೊರಗೆ ಹೋಗೋಕೆ) ಬದಲಿಸಿದೆ, ಫಾರ್ವರ್ಡ್ ಸಾಲು (ಪೆಟ್ಟಿಗೆ ದಾಟಿ ಹೋಗುವುದಕ್ಕೆ) ಬದಲಿಸಿದೆ. ನೆಟ್ ಬಂತು. ಎಲ್ಲರೂ ಪೋರ್ಟಲ್ ತೆರೆದರು. ನನಗೆ ಕಾಫಿ ಬಂತು.

ಪೆಟ್ಟಿಗೆಯೊಳಗೇ ಯಾರನ್ನ ಬಿಡಬೇಕು ಅನ್ನೋ ಇನ್‌ಪುಟ್ ಸಾಲು ಮಾತ್ರ ಹಾಗೇ ಉಳಿಯಿತು. ಇಎನ್‌ಪಿ3ಎಸ್0 ಕಡೆಯಿಂದ ಬಂದದ್ದನ್ನೆಲ್ಲಾ ಒಳಗೆ ಬಿಡು, ಮಿಕ್ಕದ್ದು ತಡೆ ಅಂತ ಅದರಲ್ಲಿತ್ತು. ಒಳಗಿನವರು ನಂಬಿಕಸ್ಥರು ಅಂತ ಬರೆದ ಸಾಲು. ಈಗ ಆ ಹೆಸರು ಹೊರಗಿನ ಕಾರ್ಡಿನದು! ಎರರ್ ಬರಲಿಲ್ಲ, ಯಾಕಂದ್ರೆ ಆ ಹೆಸರಿನ ಇಂಟರ್‌ಫೇಸ್ ಇದೆಯಲ್ಲ. ನೆಟ್ ಹೋಗಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಕಂಪ್ಯೂಟರುಗಳಿಗೆ ಐಪಿ ಕೈಯಲ್ಲೇ ಕೊಟ್ಟಿದ್ದೆ, ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ಸೇವೆ) ಹೊರಗಿನದು, ಹಾಗಾಗಿ ಯಾರಿಗೂ ಒಂದು ತೊಂದರೆ ಇಲ್ಲ.

ಇನ್ನೂ ಮಜಾ ಕೇಳಿ. ಹೊರಡುವ ಮುಂಚೆ ಪರೀಕ್ಷೆ ಬೇರೆ ಮಾಡಿದೆ. ಮೊಬೈಲಿನಿಂದ ಆಫೀಸಿನ ಐಪಿಗೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಕೊಟ್ಟು ನೋಡಿದೆ. ಕನೆಕ್ಟ್ ಆಗಲಿಲ್ಲ. ಸರಿ, ಬಾಗಿಲು ಭದ್ರ ಅಂತ ಖುಷಿಯಾದೆ. ಮೊಬೈಲ್ ಆಫೀಸಿನ ವೈಫೈನಲ್ಲೇ ಇತ್ತು. ಅಂದರೆ ನಾನು ತಟ್ಟಿದ್ದು ಒಳಗಿನಿಂದ. ಅದಲುಬದಲಾದ ನಿಯಮ ಒಳಗಿನವರನ್ನೇ ತಡೆಯುತ್ತಿತ್ತು.

ಮಾರನೇ ದಿನ ರಾತ್ರಿ ಮೈಸೂರಿನ ಮನೆಯಿಂದ ಏನೋ ನೋಡೋಣ ಅಂತ ಕೂತೆ. ವಿಪಿಎನ್ (ಆಫೀಸಿನ ನೆಟ್‌ವರ್ಕಿಗೆ ಹೋಗುವ ಗುಟ್ಟಿನ ದಾರಿ) ಆನ್ ಮಾಡೋದು ಮರೆತು ನೇರ ಸ್ಟ್ಯಾಟಿಕ್ ಐಪಿಗೇ ಎಸ್‌ಎಸ್‌ಎಚ್ ಕೊಟ್ಟೆ. ಪಾಸ್‌ವರ್ಡ್ ಕೇಳಿತು. ಹೊರಗಿನಿಂದ ತಟ್ಟಿದರೆ ಕೇಳಬಾರದಿತ್ತು. ಎದೆ ಧಸಕ್ಕಂತು. ಒಳಗೆ ಹೋಗಿ ಲಾಗ್ ತೆಗೆದರೆ ಫೇಲ್ಡ್ ಪಾಸ್‌ವರ್ಡ್ ಅನ್ನೋ ಸಾಲು ನೋಡ್ತಾ ನೋಡ್ತಾ ಓಡ್ತಾನೇ ಇದೆ. ರೂಟ್, ಅಡ್ಮಿನ್, ಟೆಸ್ಟ್, ಉಬುಂಟು, ಬಾಯಿಗೆ ಬಂದ ಹೆಸರೆಲ್ಲಾ. 20ರ ಬೆಳಿಗ್ಗೆ 11ರಿಂದ 21ರ ರಾತ್ರಿ 11ರವರೆಗೆ, 36 ಗಂಟೆ.

ಯಾರೂ ಒಳಗೆ ಹೊಕ್ಕ ಗುರುತು ಲಾಗಿನಲ್ಲಿ ಇರಲಿಲ್ಲ. ಆದರೆ ಹೊಕ್ಕವನು ಲಾಗನ್ನೇ ಅಳಿಸಬಹುದಲ್ವಾ? ಹಾಗಾಗಿ ಭಾನುವಾರ ಹೋಗಿ ಡಿಸ್ಕ್ ಅಳಿಸಿ ಡೆಬಿಯನ್ ಲಿನಕ್ಸ್ ಹೊಸದಾಗಿ ಹಾಕಿದೆ, ಎಲ್ಲಾ ಪಾಸ್‌ವರ್ಡ್ ಬದಲಿಸಿದೆ, ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಬದಲು ಕೀ ಫೈಲ್ ಮಾತ್ರ ಇಟ್ಟೆ. ಆಫೀಸಿನ ಸಾರ್‌ಗೂ ನಡೆದದ್ದನ್ನ ಹೇಳಿದೆ. ಅವರು ಬೈಯಲಿಲ್ಲ, ಸುಮ್ಮನೆ ನೋಡಿದರು. ಬೈದಿದ್ದರೇ ಚೆನ್ನಾಗಿತ್ತು.

ನಿಮ್ಮ ಪೆಟ್ಟಿಗೆ ಐದಾರು ವರ್ಷ ಹಳೆಯದಾದರೆ ಮೊದಲು ಆ ಸೆಲ್ ಬದಲಿಸಿ. ಸಾಮಾನ್ಯವಾಗಿ ಸಿಆರ್2032, ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತೆ. ಬಯೋಸ್‌ನಲ್ಲಿ ಕೀಬೋರ್ಡ್ ಇಲ್ಲದಿದ್ದರೂ ಬೂಟ್ ಆಗು, ಕರೆಂಟ್ ಬಂದ ತಕ್ಷಣ ಆನ್ ಆಗು ಅನ್ನೋ ಎರಡನ್ನೂ ಹಾಕಿ, ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಹೆಸರುಗಳನ್ನ ಬಸ್ ನಂಬರಿಗೆ ಬಿಡಬೇಡಿ. ಇಟಿಸಿ ಒಳಗೆ ಸಿಸ್ಟಮ್‌ಡಿಯ ನೆಟ್‌ವರ್ಕ್ ಫೋಲ್ಡರಿನಲ್ಲಿ ಒಂದೊಂದು ಕಾರ್ಡಿಗೂ ಒಂದು ಡಾಟ್ ಲಿಂಕ್ ಫೈಲ್ ಮಾಡಿ. ಹೆಸರು 10ರಿಂದ ಶುರುವಾಗಲಿ, 99ರ ಡೀಫಾಲ್ಟ್ ಫೈಲಿಗಿಂತ ಮುಂಚೆ ಓದುತ್ತೆ. ಮ್ಯಾಚ್ ಭಾಗದಲ್ಲಿ ಕಾರ್ಡಿನ ಮ್ಯಾಕ್ ಅಡ್ರೆಸ್ (ಕಾರ್ಡಿನ ಜೊತೆಗೇ ಬರುವ ನಂಬರ್), ಲಿಂಕ್ ಭಾಗದಲ್ಲಿ ನಿಮಗೆ ಬೇಕಾದ ಹೆಸರು. ನಾನು ಹೊರಗೆ0, ಒಳಗೆ0 ಅಂತ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟಿದ್ದೀನಿ. ನಗಬೇಡಿ, ಆ ಹೆಸರು ನೋಡಿ ತಪ್ಪು ಸಾಲು ಬರೆಯೋಕೆ ಕೈ ಬರಲ್ಲ. ಎತ್0 ಅಂತ ಮಾತ್ರ ಇಡಬೇಡಿ, ಕರ್ನಲ್ ಕೊಡುವ ಹೆಸರಿಗೇ ಡಿಕ್ಕಿ ಹೊಡೆಯುತ್ತೆ. ಡೆಬಿಯನ್ ಆದರೆ ಕೊನೆಗೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲೇ ಓದುವ ಫೈಲುಗಳ ಕಟ್ಟು) ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ಬೂಟ್ ಆದಾಗ ಹಳೇ ಹೆಸರೇ ಬರಬಹುದು. ಯಾವ ಹೆಸರು ಯಾವ ತೂತು ಅಂತ ಅನುಮಾನ ಬಂದರೆ ಎತ್‌ಟೂಲ್‌ಗೆ ಮೈನಸ್ ಪಿ ಕೊಡಿ. ಬಹಳಷ್ಟು ಕಾರ್ಡುಗಳಲ್ಲಿ ಆ ಪೋರ್ಟಿನ ದೀಪ ಮಿಣುಕುತ್ತೆ.

ರಿಪೇರಿ ಮುಗಿದಮೇಲೆ ಎನ್‌ಎಫ್‌ಟಿ ಲಿಸ್ಟ್ ರೂಲ್‌ಸೆಟ್ ಕೊಟ್ಟು ಮೊದಲ ಸಾಲಿನಿಂದ ಕೊನೇ ಸಾಲಿನವರೆಗೆ ಓದಿ. ಪಕ್ಕದಲ್ಲಿ ಎಷ್ಟು ಜನ ನಿಂತಿದ್ದರೂ ಓದಿ. ಆಮೇಲೆ ರಸ್ತೆಗೆ ಬಂದು ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ಬಾಗಿಲು ತಟ್ಟಿ ನೋಡಿ.