ಹಳೇ ಥಿಂಕ್‌ಪ್ಯಾಡಿಗೆ ಯಾವ ಲಿನಕ್ಸ್? ಮಿಂಟ್, ಫೆಡೋರಾ, ಡೆಬಿಯನ್ ಮೂರನ್ನೂ ಹಾಕಿ ನೋಡಿದೆ

ವಿಂಡೋಸ್ ಬದಲು ಉಚಿತವಾಗಿ ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಂ ಲಿನಕ್ಸ್; ಮಿಂಟ್, ಫೆಡೋರಾ, ಡೆಬಿಯನ್ ಅದರ ಬೇರೆ ಬೇರೆ ಅವತಾರಗಳು. ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಲಿನಕ್ಸ್ ಮಿಂಟ್. ಗೀಕ್ ಗೆಳೆಯರ ಎದುರು ಹೀಗೆ ಹೇಳುವುದೆಂದರೆ ಬಿರಿಯಾನಿಗೆ ಕರೆದವರ ಮನೆಯಲ್ಲಿ ಮೊಸರನ್ನ ಕೇಳಿದ ಹಾಗೆ. ಪುಣೆಯ ಹಿಂಜೆವಾಡಿಯ ನಮ್ಮ ಆಫೀಸಿನಲ್ಲಿ ಹುಬ್ಬಳ್ಳಿಯ ಹುಡುಗನೊಬ್ಬ ಇದ್ದಾನೆ. ಅವನದು ಆರ್ಚ್ ಲಿನಕ್ಸ್, ಎಲ್ಲವನ್ನೂ ಕೈಯಾರೆ ಜೋಡಿಸಿಕೊಳ್ಳುವವರದು. ನಾವು ಕೇಳದಿದ್ದರೂ ಅವನು ಹೇಳದೆ ಬಿಡುವುದಿಲ್ಲ. ನನ್ನ ಸ್ಕ್ರೀನ್ ನೋಡಿದ ಕೂಡಲೇ ಶುರು: "ಏನ್ರೀ ಸರ, ಇನ್ನೂ ಮಿಂಟ್ ಹಿಡ್ಕೊಂಡು ಕುಂತೀರೇನ್ರೀ? ಅದು ಹೊಸಬರಿಗೆ ಅಲ್ಲೇನ್ರೀ?" ಹೊಸಬರಿಗೆ ಸರಿ. ಸಂಜೆ ಮನೆಗೆ ಬಂದ ಮೇಲೆ ಕಂಪ್ಯೂಟರ್ ರಿಪೇರಿ ಮಾಡುವ ಉತ್ಸಾಹ ಉಳಿಯದ ನನ್ನಂಥವರಿಗೂ ಸರಿ.

ಲ್ಯಾಪ್‌ಟಾಪ್ ಥಿಂಕ್‌ಪ್ಯಾಡ್ ಟಿ470, 2017ರ ಮಾಡೆಲ್. ಸೆಕೆಂಡ್ ಹ್ಯಾಂಡ್. ಬುಧವಾರ ಪೇಠೆಯ ತಪಕೀರ್ ಗಲ್ಲಿಯ ಹತ್ತಿರ 16,000 ರೂಪಾಯಿಗೆ ಸಿಕ್ಕಿತು. ಇಷ್ಟು ಗಟ್ಟಿ ಯಂತ್ರ ಇಷ್ಟು ಅಗ್ಗಕ್ಕೆ ಬರುವುದಕ್ಕೆ ಒಂದು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ನನ್ನ ಟಿ470ರಲ್ಲಿ ಇರುವುದು ಏಳನೇ ತಲೆಮಾರು. ಒಂದೇ ಒಂದು ಮೆಟ್ಟಿಲು ಕಡಿಮೆ, ಅಷ್ಟಕ್ಕೇ ಆಫೀಸುಗಳು ಇವನ್ನು ರಾಶಿ ರಾಶಿಯಾಗಿ ಹೊರಗೆ ಹಾಕುತ್ತಿವೆ. ಅಂಗಡಿಯವನು ಮಾತ್ರ ತಲೆ ಕೆಡಿಸಿಕೊಂಡಿರಲಿಲ್ಲ. "ಸಾಹೇಬ್, ಅಕರಾ ಟಾಕೂನ್ ದೇತೋ" ಎಂದ. ಹನ್ನೊಂದು ಹಾಕಿಕೊಡುತ್ತಾನಂತೆ! ತಪಾಸಣೆಯನ್ನು ದಾಟಿಸಿ ಹಾಕುವ ಉಪಾಯ ಎಲ್ಲರಿಗೂ ಗೊತ್ತಿರುವುದೇ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬರುತ್ತದೆಂಬ ಖಾತ್ರಿ ಮೈಕ್ರೋಸಾಫ್ಟ್ ಕೊಡುವುದಿಲ್ಲ. ಡಿಸ್ಕ್ ಖಾಲಿಯೇ ಇರಲಿ ಅಂದೆ. ಮಾರಿದ ಮೇಲೆ ಗಿರಾಕಿಯ ಬಗ್ಗೆ ಚಿಂತೆಯಾದ ಹಾಗೆ ನನ್ನನ್ನೇ ನೋಡಿದ.

ಒಳಗಿರುವುದು 8 ಜಿಬಿ ರ‍್ಯಾಮ್. ಎರಡು ಸ್ಲಾಟ್ ಇವೆ, ಇನ್ನೊಂದು ಕಡ್ಡಿ ಹಾಕಿದರೆ ಆಯ್ತು ಅಂದುಕೊಂಡಿದ್ದೆ. ಆದರೆ ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳುತ್ತಿರುವ ಕಾಲ ಇದು. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಚಿಲ್ಲರೆ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು. ಹಳೇ ಡಿಡಿಆರ್4 ಕಡ್ಡಿಯ ರೇಟ್ ಕೇಳಿ ಸುಮ್ನೆ ವಾಪಸ್ ಬಂದೆ. ಹಾಗಾಗಿ ಈ ಹೋಲಿಕೆ ಪೂರ್ತಿ 8 ಜಿಬಿಯ ಲೆಕ್ಕದಲ್ಲೇ ಇದೆ. ನಿಮ್ಮ ಹತ್ತಿರ 32 ಜಿಬಿ ಇದ್ದರೆ ಇದರಲ್ಲಿ ಅರ್ಧ ಮಾತು ನಿಮಗಲ್ಲ.

ಫೆಡೋರಾದ ಬಗ್ಗೆ ನನಗೆ ಗೌರವ ಜಾಸ್ತಿ. ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಕೂಡ ಇದನ್ನೇ ಬಳಸುತ್ತಾರೆ. ಪುಣೆಯವರಿಗಂತೂ ಇದು ಸ್ವಲ್ಪ ಮನೆಯ ಸರಕೇ. ಇದನ್ನು ಪೋಷಿಸುವ ರೆಡ್ ಹ್ಯಾಟ್‌ನ ಆಫೀಸು ಇಲ್ಲಿದೆ, ಲೋಹಿತ್ ಫಾಂಟುಗಳನ್ನು, ಅದರಲ್ಲಿ ಲೋಹಿತ್ ಕನ್ನಡವನ್ನೂ, ವರ್ಷಗಟ್ಟಲೆ ನೋಡಿಕೊಂಡದ್ದು ಇಲ್ಲಿನ ತಂಡ. ಲಿನಕ್ಸಿನಲ್ಲಿ ಕನ್ನಡ ಡಬ್ಬಿ ಡಬ್ಬಿಯಾಗಿ ಕಾಣುತ್ತಿದ್ದ ಕಾಲ ನೆನಪಿರುವವರಿಗೆ ಅದರ ಬೆಲೆ ಗೊತ್ತು.

ಬಳಸಲಿಕ್ಕೂ ಚೆಂದ. ಟಚ್‌ಪ್ಯಾಡಿನ ಮೇಲೆ ಮೂರು ಬೆರಳು ಎಳೆದರೆ ಸ್ಕ್ರೀನ್ ಬೆರಳಿನ ಜೊತೆಗೇ ಜಾರುತ್ತದೆ. ಮಿಂಟ್‌ನಲ್ಲೂ ಈ ಸೌಲಭ್ಯ ಇದೆ, ಆದರೆ ಬೆರಳು ಮುಂದೆ, ಸ್ಕ್ರೀನ್ ಹಿಂದೆ. ಬ್ಯಾಟರಿಯನ್ನು ಪೂರ್ತಿ ತುಂಬಿಸದೆ ಅದರ ಆಯಸ್ಸು ಕಾಯುವ ಒಂದು ಸ್ವಿಚ್ಚು ಫೆಡೋರಾದ ಡೆಸ್ಕ್‌ಟಾಪ್ ಆದ ಗ್ನೋಮ್‌ನ 48ನೇ ಆವೃತ್ತಿಯಿಂದ ಸೆಟಿಂಗ್ಸ್‌ನಲ್ಲೇ ಬಂದಿದೆ. ಮಿಂಟ್‌ನಲ್ಲಿ ಆ ಕೆಲಸಕ್ಕೆ ಟಿಎಲ್‌ಪಿ ಎಂಬ ತಂತ್ರಾಂಶ ಹಾಕಿ, ಫೈಲ್ ತೆರೆದು, ಸಾಲು ತಿದ್ದಬೇಕು. ವಿಡಿಯೊ ಓಡಿಸಲು ಬೇಕಾದ ಕೋಡೆಕ್‌ಗಳು ಪೇಟೆಂಟ್ ಕಾರಣಕ್ಕೆ ಫೆಡೋರಾದಲ್ಲಿ ಪೂರ್ತಿ ಬರುವುದಿಲ್ಲ, ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ತಂತ್ರಾಂಶ ಭಂಡಾರ ಸೇರಿಸಿಕೊಳ್ಳಬೇಕು. ಒಂದು ಸಲದ ಕೆಲಸ, ಅದನ್ನು ದೂರು ಅನ್ನುವುದಿಲ್ಲ.

ದೂರು ಇರುವುದು ಕನ್ನಡ ಟೈಪಿಂಗ್‌ದು.

ನಾನು ದಿನವಿಡೀ ಕನ್ನಡದಲ್ಲಿ ಬರೆಯುವವನು. ಮನೆಯವರ ಜೊತೆ, ಬೆಳಗಾವಿಯ ನೆಂಟರ ಜೊತೆ, ಊರಿನ ಗೆಳೆಯರ ಗುಂಪಿನಲ್ಲಿ, ಎಲ್ಲ ಕನ್ನಡವೇ. ಕೈ ಕೂತಿರುವುದು ಕಗಪ ಕೀಲಿಮಣೆಗೆ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸದ, ನುಡಿ ತಂತ್ರಾಂಶದಿಂದ ಎಲ್ಲರಿಗೂ ಪರಿಚಯವಾದ ಅದೇ ಕೀಲಿಮಣೆ. ಲಿನಕ್ಸಿನಲ್ಲಿ ಅದನ್ನು ಐಬಸ್ ಮೂಲಕ, ಅಂದರೆ ಒತ್ತಿದ ಕೀಲಿಯನ್ನು ಬೇರೆ ಭಾಷೆಯ ಅಕ್ಷರವಾಗಿಸುವ ತಂತ್ರಾಂಶದ ಮೂಲಕ, ಅದಕ್ಕೆ ಕನ್ನಡದ ನಿಯಮ ಕೊಡುವ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಬಳಸುತ್ತೇನೆ.

ಫೆಡೋರಾದಲ್ಲಿ ಫೈರ್‌ಫಾಕ್ಸ್ ತೆರೆದೆ, ಕನ್ನಡ ಬಂತು. ಲಿಬ್ರೆಆಫೀಸ್‌ನಲ್ಲೂ ಬಂತು. ಚಾಟ್ ಆಪ್ ತೆರೆದೆ. ಮೇಲಿನ ಪಟ್ಟಿಯಲ್ಲಿ ಕನ್ನಡ ಅಂತ ತೋರಿಸುತ್ತಿದೆ, ಒತ್ತಿದರೆ ಮೂಡುವುದು ಮಾತ್ರ ಇಂಗ್ಲಿಷ್ ಅಕ್ಷರ. ಭಾಷೆ ಬದಲಿಸಿದೆ, ಮತ್ತೆ ವಾಪಸ್ ತಂದೆ, ಲಾಗೌಟ್ ಮಾಡಿ ಬಂದೆ. ಊಹೂಂ.

ಯಾಕೆ ಅಂತ ಹುಡುಕುತ್ತಾ ಹೋದರೆ ಅದೊಂದು ದೊಡ್ಡ ಕಥೆ. ಲಿನಕ್ಸಿನ ಪರದೆಯನ್ನು ಬಹಳ ಕಾಲ ನೋಡಿಕೊಂಡದ್ದು ಎಕ್ಸ್11, 1987ರ ಪ್ರೋಟೋಕಾಲ್. ಅದರ ಜಾಗಕ್ಕೆ ವೇಲ್ಯಾಂಡ್ ಬರುತ್ತಿದೆ, ಅದರ ಕೆಲಸ ಶುರುವಾದದ್ದು 2008ರಲ್ಲಿ. ಫೆಡೋರಾದಲ್ಲಿ ಅದು ಈಗಾಗಲೇ ಬಂದು ಕೂತಿದೆ. ಎಕ್ಸ್11ನಲ್ಲಿ ಕೀಲಿ ಒತ್ತಿದ್ದನ್ನು ಐಬಸ್‌ಗೆ ತಲುಪಿಸುವ ಹಳೇ ದಾರಿಗಳು ಸವೆದು ನುಣುಪಾಗಿವೆ, ಹೆಚ್ಚುಕಡಿಮೆ ಎಲ್ಲ ಆಪ್‌ಗಳಿಗೂ ಅವು ಗೊತ್ತು. ವೇಲ್ಯಾಂಡ್‌ನಲ್ಲಿ ಪ್ರತಿ ಆಪೂ "ನನಗೆ ಇಲ್ಲಿ ಅಕ್ಷರ ಬೇಕು" ಅಂತ ಬೇರೊಂದು ಪ್ರೋಟೋಕಾಲ್‌ನಲ್ಲಿ ತಾನೇ ಕೇಳಬೇಕು. ಇವತ್ತಿನ ಚಾಟ್ ಆಪ್‌ಗಳು, ಕೋಡ್ ಎಡಿಟರ್‌ಗಳು ಬಹಳಷ್ಟು ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ ನಿಂತಿವೆ. ಅಂದರೆ ಒಳಗೆ ಇರುವುದು ಕ್ರೋಮಿಯಂ ಬ್ರೌಸರೇ. ಆ ಕ್ರೋಮಿಯಂನಲ್ಲಿ ಈ ಸೌಲಭ್ಯ ಬಹಳ ದಿನ ಒಂದು ಫ್ಲ್ಯಾಗಿನ, ಅಂದರೆ ಆಪ್ ತೆರೆಯುವಾಗ ಜೊತೆಗೆ ಕೊಡಬೇಕಾದ ಸೂಚನೆಯ, ಹಿಂದೆ ಅಡಗಿತ್ತು. ಆಪ್ ಹಳೇ ಎಲೆಕ್ಟ್ರಾನ್ ಹೊತ್ತುಕೊಂಡು ಬಂದಿದ್ದರೆ ಫ್ಲ್ಯಾಗ್ ನಾವೇ ಕೊಡಬೇಕು.

ಕೊಟ್ಟೆ. ಮೆನುವಿನಿಂದ ತೆರೆದಾಗಲೂ ಫ್ಲ್ಯಾಗ್ ಹೋಗಬೇಕಲ್ಲ, ಅದಕ್ಕೆ ಲಾಂಚರ್ ಫೈಲ್ ನಕಲು ಮಾಡಿ ತಿದ್ದಿದೆ. ಫ್ಲ್ಯಾಟ್‌ಪ್ಯಾಕ್ ಎಂಬ ಬೇರೆ ಥರದ ಪೊಟ್ಟಣದಲ್ಲಿ ಬರುವ ಆಪ್‌ಗಳಿಗೆ ಅದೇ ಕೆಲಸ ಇನ್ನೊಂದು ರೀತಿ. ಕೊನೆಗೂ ಕನ್ನಡ ಬಂತು.

ಬಂದದ್ದು ಅರೆಬರೆ. ಎಂ17ಎನ್ ವಿಧಾನದಲ್ಲಿ ಕೊನೆಯ ಅಕ್ಷರ ಇನ್ನೂ ಪಕ್ಕಾ ಆಗಿರುವುದಿಲ್ಲ, ಅಡಿಯಲ್ಲಿ ಗೆರೆ ಹೊತ್ತು ಕಾಯುತ್ತಿರುತ್ತದೆ. ಮುಂದೆ ಏನು ಒತ್ತುತ್ತೀರಿ ನೋಡಿ ಅದು ಕೊಂಬೋ ದೀರ್ಘವೋ ಒತ್ತೋ ಅಂತ ತೀರ್ಮಾನ. ಸ್ಪೇಸ್ ಒತ್ತಿದರೆ ಕೂತುಬಿಡುತ್ತದೆ. ಸ್ಪೇಸ್ ಒತ್ತದೆ ಮೌಸಿನಿಂದ ಕಳಿಸುವ ಬಟನ್ ಒತ್ತಿದರೆ ಆ ಅಕ್ಷರ ಕೆಲವೊಮ್ಮೆ ಹೋಗುತ್ತಿತ್ತು, ಕೆಲವೊಮ್ಮೆ ಮಾಯ.

ಬೆಳಗಾವಿಯ ಚಿಕ್ಕಪ್ಪನಿಗೆ "ನಾಳೆ ಬರ್ತೀನಿ" ಅಂತ ಕಳಿಸಿದೆ. ಅವರಿಗೆ ತಲುಪಿದ್ದು "ನಾಳೆ ಬರ್ತೀ". ಹಿರಿಯರಿಗೆ ಏಕವಚನ, ಅದೂ ಪ್ರಶ್ನೆಯ ಧಾಟಿಯಲ್ಲಿ! ತಕ್ಷಣ ಫೋನ್ ಬಂತು. "ಯಾಕಪಾ, ಬರಾಂವ ನೀನೋ ನಾನೋ?" ಚಿಕ್ಕಪ್ಪ ತಮಾಷೆಯ ಮನುಷ್ಯ, ಬಚಾವ್. ಇದೇ ಸಂದೇಶ ನನ್ನ ಮಾವನವರಿಗೆ ಹೋಗಿದ್ದರೆ ವೇಲ್ಯಾಂಡ್ ಪ್ರೋಟೋಕಾಲ್ ಬಗ್ಗೆ ಅವರಿಗೆ ವಿವರಿಸುತ್ತಾ ಕೂರಬೇಕಿತ್ತು.

ಎಕ್ಸ್11ಗೆ ವಾಪಸ್ ಹೋಗೋಣ ಅಂದರೆ ಫೆಡೋರಾದ ಗ್ನೋಮ್‌ನಲ್ಲಿ ಆ ಬಾಗಿಲು ಮುಚ್ಚಿದೆ. 2025ರ ಅಕ್ಟೋಬರಿನಲ್ಲಿ ಬಂದ ಫೆಡೋರಾ 43 ವರ್ಕ್‌ಸ್ಟೇಷನ್‌ನಲ್ಲಿ ಎಕ್ಸ್11 ಸೆಷನ್ನೇ ಇಲ್ಲ. ಆ ಒಂದು ಆಪನ್ನು ಮಾತ್ರ ಎಕ್ಸ್ ಮೂಲಕ ಓಡಿಸಬಹುದು, ಆದರೆ ಸ್ಕ್ರೀನಿನ ಮೇಲಿನದ್ದನ್ನೆಲ್ಲ ದೊಡ್ಡದು ಮಾಡುವ ಸ್ಕೇಲಿಂಗ್ 125 ಪರ್ಸೆಂಟ್ ಇಟ್ಟಾಗ ನನಗೆ ಅಕ್ಷರ ಮಸುಕಾಗಿ ಕಂಡಿತು. ಇನ್ನೊಂದು ದಾರಿ, ಐಬಸ್ಸನ್ನೇ ಬಿಟ್ಟು, ಲಿನಕ್ಸಿನಲ್ಲೇ ಇರುವ ಎಕ್ಸ್‌ಕೆಬಿ ಎಂಬ ಕೀಬೋರ್ಡ್ ವ್ಯವಸ್ಥೆಯ ಕಗಪ ವಿನ್ಯಾಸ ಆರಿಸುವುದು. ಅದು ಬರೀ ಕೀಬೋರ್ಡ್ ನಕ್ಷೆ, ನಡುವೆ ಮಧ್ಯವರ್ತಿ ಯಾರೂ ಇಲ್ಲ, ಆದ್ದರಿಂದ ಎಲ್ಲ ಆಪ್‌ನಲ್ಲೂ ಕೆಲಸ ಮಾಡುತ್ತದೆ. ಫೆಡೋರಾದಲ್ಲೇ ಇರಬೇಕು ಅನ್ನುವ ಕನ್ನಡಿಗರಿಗೆ ನನ್ನ ಸಲಹೆ ಇದೇ. ನನ್ನ ಬೆರಳು ಮಾತ್ರ ಎಂ17ಎನ್‌ಗೆ ಒಗ್ಗಿಹೋಗಿದೆ. ಸ್ವರ ಬರೆಯುವ ರೀತಿ ಎರಡರಲ್ಲೂ ಒಂದೇ ಅಲ್ಲ. ಈ ವಯಸ್ಸಿನಲ್ಲಿ ಮತ್ತೆ ಅ ಆ ಇ ಈ ಕಲಿಯೋಕೆ ಮನಸ್ಸಿಲ್ಲ.

ಮಿಂಟ್‌ನಲ್ಲಿ ಈ ಕಥೆಯೇ ಇಲ್ಲ. ಅದರ ಸಿನಮನ್ ಡೆಸ್ಕ್‌ಟಾಪ್ ಮಾಮೂಲಿಯಾಗಿ ಎಕ್ಸ್11 ಮೇಲೇ ಓಡುತ್ತದೆ, ವೇಲ್ಯಾಂಡ್ ಇನ್ನೂ ಪ್ರಯೋಗದ ಹಂತದಲ್ಲಿದೆ. ಐಬಸ್ ಆರಿಸಿದೆ, ಎಂ17ಎನ್ ಹಾಕಿದೆ, ಲಾಗೌಟ್ ಮಾಡಿ ಬಂದೆ. ಫೈರ್‌ಫಾಕ್ಸ್, ಚಾಟ್, ಎಡಿಟರ್, ಎಲ್ಲ ಕಡೆ ಕನ್ನಡ. ಹಿಂದುಳಿದಿದೆ ಅಂತ ಹುಬ್ಬಳ್ಳಿಯ ಹುಡುಗ ನಗುವ ಕಾರಣಕ್ಕೇ ನನಗೆ ಅದು ಬೇಕಾಯ್ತು. ಹಾಗಂತ ವೇಲ್ಯಾಂಡ್ ಕೆಟ್ಟದ್ದಲ್ಲ. ಎಕ್ಸ್11ನಲ್ಲಿ ಒಂದು ಆಪ್ ಇನ್ನೊಂದು ಆಪ್‌ನ ಕೀಲಿಗಳನ್ನು ಕದ್ದು ನೋಡಬಹುದು, ಆ ತೂತು ಮುಚ್ಚಲೇಬೇಕಿತ್ತು. ಆದರೆ ಇಂಗ್ಲಿಷಿನಲ್ಲಿ ಮಾತ್ರ ಟೈಪ್ ಮಾಡುವವರು "ಎಲ್ಲ ಸರಿಹೋಯ್ತು, ಇನ್ನೂ ಎಕ್ಸ್ ಯಾಕೆ?" ಅಂತ ಬರೆಯುವುದನ್ನು ಓದಿದಾಗ ಮೈ ಉರಿಯುತ್ತದೆ. ಅವರಿಗೆ ಸರಿಹೋಗಿದೆ, ಅಷ್ಟೇ.

ಮಿಂಟ್‌ನ ಉಳಿದ ಗುಣಗಳು ಸಣ್ಣವು, ಆದರೆ ದಿನಾ ಕೈಗೆ ಸಿಗುವವು. ಟೈಮ್‌ಶಿಫ್ಟ್ ಜೊತೆಗೇ ಬರುತ್ತದೆ, ಅಪ್‌ಡೇಟ್ ಕೈಕೊಟ್ಟರೆ ಹಿಂದಿನ ಸ್ಥಿತಿಗೆ ಹೋಗಬಹುದು. ವಾರ್ಪಿನೇಟರ್‌ನಿಂದ ಮನೆಯ ವೈಫೈನಲ್ಲೇ ಫೋನಿಗೆ ಫೈಲ್ ಕಳಿಸಬಹುದು. ಉಬುಂಟು ಎಂಬ ಇನ್ನೊಂದು ಲಿನಕ್ಸಿನ 24.04 ಆವೃತ್ತಿಯ ಮೇಲೆ ಕಟ್ಟಿದ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಫೆಡೋರಾದ ಒಂದೊಂದು ಆವೃತ್ತಿಗೆ ಸುಮಾರು 13 ತಿಂಗಳು, ಆಮೇಲೆ ಮೇಲಕ್ಕೆ ಹತ್ತಲೇಬೇಕು. 8 ಜಿಬಿಯಲ್ಲಿ ಬ್ರೌಸರಿನ ಹತ್ತಾರು ಟ್ಯಾಬ್ ತೆರೆದಿಟ್ಟಾಗ ಸಿನಮನ್‌ಗೆ ಉಸಿರು ಸ್ವಲ್ಪ ಜಾಸ್ತಿ ಉಳಿಯುತ್ತದೆ. ನೋಟ ಮಾತ್ರ ಹಳೇ ಕಾಲದ್ದು, ಕೆಳಗೊಂದು ಪಟ್ಟಿ, ಎಡಗಡೆ ಮೆನು. ನನಗೆ ಅದೇ ಇಷ್ಟ.

ಉಬುಂಟುವನ್ನೇ ಯಾಕೆ ಹಾಕಲಿಲ್ಲ ಅಂದರೆ ಸ್ನ್ಯಾಪ್, ಆಪ್‌ಗಳನ್ನು ಕಟ್ಟಿಕೊಡುವ ಅವರದೇ ಪೊಟ್ಟಣ. 22.04ರಿಂದ ಫೈರ್‌ಫಾಕ್ಸ್ ಕೂಡ ಅಲ್ಲಿ ಸ್ನ್ಯಾಪ್ ಆಗಿಯೇ ಬರುತ್ತದೆ. ಮಿಂಟ್‌ನವರು 2020ರಲ್ಲೇ ಅದನ್ನು ಹೊರಗಿಟ್ಟರು. ಆರ್ಚ್ ಬಗ್ಗೆ ಕೇಳಬೇಡಿ, ನನಗೆ ಶನಿವಾರ ಬೇರೆ ಕೆಲಸ ಇರುತ್ತದೆ.

ಡೆಬಿಯನ್‌ಗೆ ಅನ್ಯಾಯ ಮಾಡಬಾರದು. 1993ರಿಂದ ನಡೆದುಬಂದ ಯೋಜನೆ, ಇವತ್ತಿಗೂ ಸ್ವಯಂಸೇವಕರದೇ. ಹಿಂದೆಲ್ಲ ಇದನ್ನು ಲ್ಯಾಪ್‌ಟಾಪಿಗೆ ಹಾಕಿದರೆ ವೈಫೈ ಇರುತ್ತಿರಲಿಲ್ಲ, ವೈಫೈ ಚಿಪ್ಪನ್ನು ನಡೆಸುವ ಫರ್ಮ್‌ವೇರ್ ಎಂಬ ತಂತ್ರಾಂಶವನ್ನು ಬೇರೆ ಪೆನ್‌ಡ್ರೈವಿನಲ್ಲಿ ತರಬೇಕಿತ್ತು. ಫರ್ಮ್‌ವೇರ್ ಸೇರಿಸಬೇಕೋ ಬೇಡವೋ ಅಂತ 2022ರಲ್ಲಿ ಮತ ಹಾಕಿ ತೀರ್ಮಾನಿಸಿದರು, 2023ರ ಡೆಬಿಯನ್ 12ರಿಂದ ಆ ಕಷ್ಟ ತಪ್ಪಿತು. ನಾನು ಹಾಕಿದ್ದು 2025ರ ಆಗಸ್ಟಿನ ಡೆಬಿಯನ್ 13, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಜೊತೆ. ಮೂರರಲ್ಲಿ ಅತ್ಯಂತ ಹಗುರ. ಕನ್ನಡವೂ ಸಲೀಸು, ಅದೂ ಎಕ್ಸ್11 ಮೇಲೇ. ಬೇಸರ ಬರುವುದು ಸಣ್ಣಪುಟ್ಟದ್ದಕ್ಕೆ. ಇನ್‌ಸ್ಟಾಲ್ ಮಾಡುವಾಗ ರೂಟ್, ಅಂದರೆ ಯಂತ್ರದ ಯಜಮಾನನ ಖಾತೆಗೆ, ಪಾಸ್‌ವರ್ಡ್ ಕೊಟ್ಟರೆ ನಿಮ್ಮ ಖಾತೆಯಿಂದಲೇ ಯಜಮಾನನ ಕೆಲಸ ಮಾಡಿಸುವ ಸುಡೋ ಸಿಗುವುದಿಲ್ಲ, ಖಾಲಿ ಬಿಟ್ಟರೆ ಸಿಗುತ್ತದೆ. ಅಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ, ಓದುವವರು ಯಾರು? ಮನೆಯಲ್ಲಿ ಫೋಟೊ ಬ್ಯಾಕಪ್ ಇಡುವ ಹಳೇ ಡೆಸ್ಕ್‌ಟಾಪಿನಲ್ಲಿ ಡೆಬಿಯನ್ನೇ ಇದೆ, ಅಲ್ಲಿಂದ ಅದನ್ನು ಕದಲಿಸುವುದಿಲ್ಲ. ಇನ್ನೊಂದು ಸಮಾಧಾನ, ಉಬುಂಟು ಮುಂದೆ ಏನೇ ಮಾಡಿಕೊಳ್ಳಲಿ, ಮಿಂಟ್‌ನವರು ಡೆಬಿಯನ್ ಮೇಲೆ ನೇರವಾಗಿ ಕಟ್ಟಿದ ಎಲ್‌ಎಂಡಿಇಯನ್ನೂ ಇಟ್ಟುಕೊಂಡಿದ್ದಾರೆ.

ಮೂರರಲ್ಲೂ ಒಂದೇ ಥರ ಕೆಟ್ಟದ್ದು ಒಂದಿದೆ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಕನ್ನಡ. ಫೈಲಿಗೆ ಕನ್ನಡ ಹೆಸರಿಟ್ಟು ಪಟ್ಟಿ ಮಾಡಿ ನೋಡಿ, ಒತ್ತಕ್ಷರ ಒಂದು ಕಡೆ, ದೀರ್ಘ ಇನ್ನೊಂದು ಕಡೆ.

ನಮ್ಮ ಏರಿಯಾದಲ್ಲಿ ಗುರುವಾರ ಕರೆಂಟ್ ಹೋಗುವುದು ಮಾಮೂಲಿ, ವರ್ಕ್ ಫ್ರಮ್ ಹೋಂ ಇದ್ದರೆ ಬ್ಯಾಟರಿಯೇ ಗತಿ. ಟಿ470ರಲ್ಲಿ ಎರಡು ಬ್ಯಾಟರಿ, ಒಂದು ಒಳಗೆ, ಇನ್ನೊಂದು ಹಿಂದೆ. ಹಿಂದಿನದನ್ನು ಯಂತ್ರ ನಡೆಯುತ್ತಿರುವಾಗಲೇ ತೆಗೆದು ಬೇರೆ ಹಾಕಬಹುದು. ಈಗಿನ ತೆಳ್ಳನೆ ಲ್ಯಾಪ್‌ಟಾಪುಗಳಲ್ಲಿ ಇದು ಕನಸು. ಓಎಸ್ ಯಾವುದಾದರೂ ಬ್ಯಾಟರಿ ಬಾಳಿಕೆಯಲ್ಲಿ ನನಗೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ ನನ್ನ ಯಂತ್ರದಲ್ಲಿ ಮಿಂಟ್ ಉಳಿಯಿತು. ಹೊಸ ಲ್ಯಾಪ್‌ಟಾಪ್, ಜಾಸ್ತಿ ರೆಸಲ್ಯೂಷನ್ನಿನ ಸ್ಕ್ರೀನ್, ಎರಡು ಬೇರೆ ಬೇರೆ ಅಳತೆಯ ಮಾನಿಟರ್ ಇರುವವರು ಫೆಡೋರಾ ಹಾಕಿ. ಆ ಸ್ಕೇಲಿಂಗ್ ವಿಷಯದಲ್ಲಿ ಮಿಂಟ್ ಅದರ ಹತ್ತಿರವೂ ಬರುವುದಿಲ್ಲ. 4 ಜಿಬಿಯ ಇನ್ನೂ ಹಳೇ ಯಂತ್ರವಿದ್ದರೆ ಡೆಬಿಯನ್. ನನ್ನ ಬಜೆಟ್ಟಿನಲ್ಲಿ ರ‍್ಯಾಮ್‌ಗೆ ಎತ್ತಿಟ್ಟಿದ್ದ ದುಡ್ಡು ಹಿಂದಿನ ದೊಡ್ಡ ಬ್ಯಾಟರಿಗೆ ಹೋಗುತ್ತದೆ. ಸಿನಮನ್‌ಗೆ ವೇಲ್ಯಾಂಡ್ ಪಕ್ಕಾ ಆದ ದಿನ ಅದರಲ್ಲೂ ಮೊದಲು ಚಾಟ್ ಆಪ್ ತೆರೆದು ನೋಡುತ್ತೇನೆ, ಪ್ರಯೋಗದ ಸಂದೇಶ ಹೋಗುವುದು ಚಿಕ್ಕಪ್ಪನಿಗೇ.